ಹಿಮ್ಮಡಿಯ ನೋವು

ಮಾನವನು ಎರಡು ಕಾಲುಗಳ ಮೇಲೆ ನೆಟ್ಟಗೆ ನಿಂತು ನಡೆಯುವ ಪ್ರಾಣಿ. ಈ ನಡಿಗೆಯಿಂದ ಅವನ ಕೈಗಳಿಗೆ ಬಿಡುವು ದೊರೆಯಿತು. ಆದರೆ ಇಡೀ ದೇಹದ ಭಾರವು ಪಾದಗಳ ಮೇಲೆ ಬಿದ್ದಿತು. ಒಂದೊಂದು ಪಾದದಲ್ಲಿಯೂ 26 ಮೂಳೆಗಳಿವೆ. ಅವುಗಳಲ್ಲೆಲ್ಲ ದೊಡ್ಡದು ಹಿಮ್ಮಡಿಯ ಮೂಳೆ. ನಡೆಯುವಾಗ ಮೊದಲು ನೆಲವನ್ನು ಮುಟ್ಟುವುದು ಹಿಮ್ಮಡಿಯೇ. ಆಗ ಅದರ ಮೇಲೆ ಬೀಳುವ ಒತ್ತಡವು ದೇಹದ ತೂಕಕ್ಕಿಂತ ತುಸು ಹೆಚ್ಚು. ಓಡುವಾಗಲಾದರೋ ಎರಡು ಮೂರು ಪಟ್ಟು. ಈ ಪೆಟ್ಟನ್ನು ತಾಳಿಕೊಳ್ಳಲೆಂದು ಪ್ರಕೃತಿಯು ಮೂಳೆಯ ಕೆಳಗೆ ಕೊಬ್ಬಿನ ದಪ್ಪ ಮೆತ್ತೆಯೊಂದನ್ನು ಇರಿಸಿದೆ.

ತುಮಕೂರು ನಗರದ ಉಪ್ಪಾರಹಳ್ಳಿಯಂತಹ ಬಡಾವಣೆಯಲ್ಲಿ ಕಾಲಿನ ಬಲದಿಂದಲೇ ಬಾಳುವೆ ನಡೆಸುವವರು ಅನೇಕರು. ಗಾರೆ ಕೆಲಸದವರು, ತಳ್ಳುಗಾಡಿಯ ವ್ಯಾಪಾರಿಗಳು, ಕಾರ್ಖಾನೆಯ ಗಟ್ಟಿ ನೆಲದ ಮೇಲೆ ಪಾಳಿ ಮುಗಿಯುವವರೆಗೂ ನಿಂತೇ ದುಡಿಯುವವರು, ಅಡುಗೆಮನೆಯಲ್ಲಿ ಬರಿಗಾಲಿನಲ್ಲಿ ನಿಲ್ಲುವ ಗೃಹಿಣಿಯರು—ಇವರೆಲ್ಲರಿಗೂ ಹಿಮ್ಮಡಿಯ ನೋವು ಅಪರಿಚಿತವಲ್ಲ. ದಿನಗೂಲಿಯವನಿಗೆ ಹೆಜ್ಜೆ ಊರಲಾಗದಿದ್ದರೆ ಅಂದಿನ ಕೂಲಿಯೇ ಇಲ್ಲ. ಆದರೂ ‘ಕಾಲುನೋವು ತಾನೆ’ ಎಂದು ಅದನ್ನು ಅಲಕ್ಷಿಸುವವರೇ ಹೆಚ್ಚು. ಯಾವ ನೋವಿಗೆ ಮನೆಯ ಆರೈಕೆ ಸಾಕು, ಯಾವುದಕ್ಕೆ ವೈದ್ಯರ ನೆರವು ಅವಶ್ಯಕ ಎಂಬುದನ್ನು ಎಲ್ಲರೂ ಅರಿತಿರಬೇಕು.

ಹಿಮ್ಮಡಿಯ ಮೂಳೆಯಿಂದ ಕಾಲ್ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಗಟ್ಟಿಯಾದ ನಾರಿನ ಪಟ್ಟಿಯೊಂದು ಹಬ್ಬಿದೆ. ಬಿಲ್ಲಿಗೆ ಹೆದೆಯಿದ್ದಂತೆ, ಪಾದದ ಕಮಾನಿಗೆ ಇದು ಆಧಾರ. ಬಹುಕಾಲ ನಿಲ್ಲುವುದರಿಂದಲೂ ದೇಹದ ತೂಕ ಹೆಚ್ಚುವುದರಿಂದಲೂ ಸವೆದ ಪಾದರಕ್ಷೆಗಳಿಂದಲೂ ಈ ಪಟ್ಟಿ ಹಿಮ್ಮಡಿಗೆ ಅಂಟಿರುವ ಸ್ಥಳದಲ್ಲಿ ಹಾನಿಗೊಳ್ಳುತ್ತದೆ. ಹಿಮ್ಮಡಿ ನೋವಿಗೆ ಅತಿ ಸಾಮಾನ್ಯವಾದ ಕಾರಣ ಇದೇ. ಬೆಳಿಗ್ಗೆ ಹಾಸಿಗೆಯಿಂದೆದ್ದು ಇಡುವ ಮೊದಲ ಹೆಜ್ಜೆಗೆ ಮುಳ್ಳು ಚುಚ್ಚಿದಂತಾಗುವುದು ಇದರ ಮುಖ್ಯ ಲಕ್ಷಣ. ನಿದ್ರೆಯಲ್ಲಿ ಪಾದವು ಕೆಳಕ್ಕೆ ಬಾಗಿರುವುದರಿಂದ ಪಟ್ಟಿಯು ಬಿಗಿದುಕೊಂಡಿರುತ್ತದೆ. ಎದ್ದೊಡನೆ ಅದು ಥಟ್ಟನೆ ಸೆಳೆಯಲ್ಪಡುತ್ತದೆ. ನಾಲ್ಕು ಹೆಜ್ಜೆ ನಡೆದ ಮೇಲೆ ನೋವು ತಗ್ಗಿ, ದಿನದ ದುಡಿಮೆಯ ಕೊನೆಗೆ ಮತ್ತೆ ತಲೆದೋರುವುದುಂಟು.

ಇಂತಹ ಪಾದದ ಕ್ಷ-ಕಿರಣ ಚಿತ್ರದಲ್ಲಿ ಕೆಲವೊಮ್ಮೆ ಮುಳ್ಳಿನಂತೆ ಬೆಳೆದ ಮೂಳೆಯ ಚೂಪು ಕಾಣುತ್ತದೆ. ಅದನ್ನು ಕತ್ತರಿಸದೆ ನೋವು ಹೋಗದೆಂದು ಹಲವರು ಹೆದರುತ್ತಾರೆ. ಈ ಹೆದರಿಕೆಗೆ ಆಧಾರವಿಲ್ಲ. ಇಂತಹ ಚೂಪು ಇದ್ದೂ ಎಳ್ಳಷ್ಟೂ ನೋವಿಲ್ಲದವರು ಬಹಳ ಮಂದಿ ಇದ್ದಾರೆ.

ಹಿಮ್ಮಡಿಯ ಹಿಂಬದಿಯಲ್ಲಿ ನೋವಿದ್ದರೆ ಕಾರಣ ಬೇರೆ. ಮೀನಖಂಡದ ಸ್ನಾಯುಗಳನ್ನು ಹಿಮ್ಮಡಿಗೆ ಕಟ್ಟಿರುವ ದಪ್ಪ ನರದಂತಹ ರಜ್ಜುವಿಗೆ ಗ್ರೀಕರ ಪುರಾಣವೀರ ಅಕಿಲೀಸನ ಹೆಸರಿದೆ. ತಾಯಿಯು ಅವನನ್ನು ಹಿಮ್ಮಡಿ ಹಿಡಿದು ದಿವ್ಯನದಿಯಲ್ಲಿ ಅದ್ದಿದಳೆಂದೂ, ನೀರು ಸೋಕದ ಆ ಒಂದೆಡೆಯೇ ಅವನಿಗೆ ಮೃತ್ಯುಸ್ಥಾನವಾಯಿತೆಂದೂ ಕಥೆ. ದೇಹದ ರಜ್ಜುಗಳಲ್ಲೆಲ್ಲ ಬಲಿಷ್ಠವಾದ ಇದು ಅತಿಯಾದ ಓಟದಿಂದ ಬಾವುಗೊಳ್ಳಬಹುದು. ಒಮ್ಮೊಮ್ಮೆ ‘ಟಪ್’ ಎಂಬ ಸದ್ದಿನೊಡನೆ ಹರಿಯಲೂಬಹುದು.

ಬೆಳೆಯುವ ಮಕ್ಕಳ ನೋವಿಗೂ ಪ್ರತ್ಯೇಕ ಕಾರಣವಿದೆ. ಎಂಟರಿಂದ ಹದಿನಾಲ್ಕು ವರ್ಷದವರೆಗಿನವರ ಹಿಮ್ಮಡಿಯ ಮೂಳೆಯ ಹಿಂತುದಿಯಲ್ಲಿ ಇನ್ನೂ ಗಟ್ಟಿಯಾಗದ ಮೃದ್ವಸ್ಥಿ ಇರುತ್ತದೆ. ಕಬಡ್ಡಿ, ಖೊಖೊ ಮುಂತಾದ ಓಟದ ಆಟಗಳಲ್ಲಿ ಅದು ಜಗ್ಗಿ ನೋಯುತ್ತದೆ. ಅಮೆರಿಕದ ವೈದ್ಯ ಸೆವರ್ 1912ರಲ್ಲಿ ಇದನ್ನು ವಿವರಿಸಿದನು. ಕೆಲಕಾಲ ಆಟವನ್ನು ತಗ್ಗಿಸಿದರೆ ಇದು ವಾಸಿಯಾಗುತ್ತದೆ. ಮೂಳೆ ಬಲಿತ ಮೇಲೆ ಮರುಕಳಿಸುವುದಿಲ್ಲ. ಕುಂಟುತ್ತಲೇ ಓಡುವುದು ಶೌರ್ಯವಲ್ಲ.

ಗುಬ್ಬಿ, ಕುಣಿಗಲು ಸೀಮೆಯ ತೆಂಗು ಅಡಕೆಗಳ ತೋಟಗಳಲ್ಲಿ ಮತ್ತೊಂದು ಅಪಾಯವಿದೆ. ಮರದಿಂದ ಜಾರಿ ಕಾಲೂರಿ ಬಿದ್ದವನ ಹಿಮ್ಮಡಿಯ ಮೂಳೆ ಮುರಿಯಬಹುದು. ಅದೇ ಪೆಟ್ಟು ಮೇಲಕ್ಕೆ ಸಾಗಿ ಬೆನ್ನುಮೂಳೆಯನ್ನೂ ಘಾಸಿಗೊಳಿಸಬಹುದು. ಆದುದರಿಂದ ಬಿದ್ದವನನ್ನು ಎಬ್ಬಿಸಿ ನಡೆಸಬಾರದು. ಅಲುಗಾಡದಂತೆ ಹಲಗೆಯ ಮೇಲೆ ಮಲಗಿಸಿ ಆಸ್ಪತ್ರೆಗೆ ಒಯ್ಯಬೇಕು.

ಸಾಮಾನ್ಯ ನೋವಿಗೆ ಮನೆಯ ಆರೈಕೆಯೇ ಬಹುಮಟ್ಟಿಗೆ ಸಾಕು. ಮೆತ್ತನೆಯ ಹಿಮ್ಮಡಿಯುಳ್ಳ ಪಾದರಕ್ಷೆ ಧರಿಸಬೇಕು, ಸವೆದುದನ್ನು ಬಿಡಬೇಕು. ಹಾಸಿಗೆಯಿಂದ ಏಳುವ ಮುನ್ನ ಪಾದಕ್ಕೆ ಟವಲನ್ನು ಸುತ್ತಿ ಬೆರಳುಗಳನ್ನು ತನ್ನತ್ತ ಎಳೆದುಕೊಳ್ಳಬೇಕು. ಗೋಡೆಗೆ ಕೈಯಾನಿಸಿ, ನೋಯುವ ಕಾಲನ್ನು ಹಿಂದಿಟ್ಟು, ಹಿಮ್ಮಡಿಯನ್ನು ನೆಲಕ್ಕೂರಿ ಮೀನಖಂಡವನ್ನು ಹಿಗ್ಗಿಸುವ ವ್ಯಾಯಾಮವೂ ಹಿತಕರ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ಹದಿನೈದು ನಿಮಿಷ ಒತ್ತಿ ಹಿಡಿಯಬಹುದು. ಅಂಗಾಲಿನ ಪಟ್ಟಿಯ ನೋವು ಬಹುಪಾಲು ಜನರಲ್ಲಿ ಶಸ್ತ್ರಕ್ರಿಯೆಯಿಲ್ಲದೆ ಒಂದು ವರ್ಷದೊಳಗೆ ಗುಣವಾಗುತ್ತದೆ. ಇಲ್ಲಿ ಬೇಕಾದುದು ತಾಳ್ಮೆ ಮತ್ತು ನಿತ್ಯದ ಅಭ್ಯಾಸ. ಅಂಗಡಿಯಿಂದ ನೋವಿನ ಮಾತ್ರೆಗಳನ್ನು ತಂದು ತಿಂಗಳುಗಟ್ಟಲೆ ನುಂಗಿದರೆ ಜಠರಕ್ಕೂ ಮೂತ್ರಪಿಂಡಗಳಿಗೂ ಕೇಡು ತಪ್ಪದು.

ಕಾಯಿಸಿದ ಇಟ್ಟಿಗೆಯ ಮೇಲೆ ಎಕ್ಕದ ಎಲೆಯನ್ನಿಟ್ಟು ಹಿಮ್ಮಡಿಗೆ ಶಾಖ ಕೊಡುವ ರೂಢಿ ಹಳ್ಳಿಗಳಲ್ಲಿದೆ. ಹದವಾದ ಶಾಖ ಕೆಲವರಿಗೆ ಹಿತವೆನಿಸಬಹುದು. ಆದರೆ ಬಹುಕಾಲದಿಂದ ಸಕ್ಕರೆ ಕಾಯಿಲೆ ಇರುವವರ ಪಾದಗಳಲ್ಲಿ ಸ್ಪರ್ಶಜ್ಞಾನ ಕುಂದಿರುತ್ತದೆ. ಕಾಲು ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ಅಂಥ ಸುಟ್ಟ ಗಾಯವಾಗಲಿ, ಒಡೆದ ಹಿಮ್ಮಡಿಯ ಬಿರುಕಾಗಲಿ ಕೀವುಗಟ್ಟಿ, ಕಡೆಗೆ ಪಾದವನ್ನೇ ಕತ್ತರಿಸಬೇಕಾದ ಪ್ರಸಂಗಗಳುಂಟು. ಅವರು ಶಾಖದ ಗೋಜಿಗೆ ಹೋಗದೆ, ಪ್ರತಿರಾತ್ರಿ ತಮ್ಮ ಅಂಗಾಲನ್ನು ಪರೀಕ್ಷಿಸಿಕೊಳ್ಳುವುದು ಲೇಸು.

ಹಾಗಾದರೆ ವೈದ್ಯರ ಬಳಿಗೆ ಹೋಗುವುದು ಯಾವಾಗ? ಬಿದ್ದ ಮೇಲೆ ಕಾಲೂರಲಾಗದಿದ್ದರೆ, ಹಿಂಬದಿಯ ರಜ್ಜು ಹರಿದಂತೆ ಸದ್ದಾಗಿದ್ದರೆ, ಹಿಮ್ಮಡಿ ಕೆಂಪೇರಿ ಬಾತು ಜ್ವರ ಬಂದರೆ, ಸಕ್ಕರೆ ಕಾಯಿಲೆಯವರ ಪಾದದಲ್ಲಿ ಎಷ್ಟೇ ಸಣ್ಣ ಗಾಯ ಕಂಡರೆ ತಡಮಾಡದೆ ಹೋಗಬೇಕು. ಜೋಮು ಅಥವಾ ಉರಿ ಇದ್ದರೆ ನರವು ಅದುಮಿರಬಹುದು. ವಿಶ್ರಾಂತಿಯಲ್ಲಿಯೂ ರಾತ್ರಿಯಲ್ಲಿಯೂ ಬಿಡದ ನೋವನ್ನು ಉಪೇಕ್ಷಿಸಬಾರದು. ತರುಣರಲ್ಲಿ ಹಿಮ್ಮಡಿ ನೋವಿನೊಡನೆ ಬೆಳಗಿನ ಹೊತ್ತು ಅರ್ಧ ಗಂಟೆಗೂ ಮೀರಿ ಬೆನ್ನು ಸೆಟೆದುಕೊಂಡರೆ ಅದು ಬೆನ್ನೆಲುಬಿನ ಕೀಲುರೋಗದ ಸೂಚನೆಯಾಗಿರಬಹುದು. ಎರಡು ಮೂರು ವಾರಗಳ ಆರೈಕೆಯಿಂದಲೂ ತಗ್ಗದ ನೋವಿಗೆ ಪರೀಕ್ಷೆ ಅಗತ್ಯ. ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲಿಯೂ ಇದಕ್ಕೆ ಅವಕಾಶವಿದೆ.

ಮುಖವನ್ನು ದಿನಕ್ಕೆ ಹಲವು ಬಾರಿ ಕನ್ನಡಿಯಲ್ಲಿ ನೋಡಿಕೊಳ್ಳುವವರೂ ಅಂಗಾಲನ್ನು ನೋಡುವುದು ಮುಳ್ಳು ಚುಚ್ಚಿದಾಗ ಮಾತ್ರ. ಮನೆಯ ಹಿರಿಯರು ಬೆಳಿಗ್ಗೆ ಗೋಡೆ ಹಿಡಿದು ನಡೆಯುತ್ತಿದ್ದರೆ ಅದನ್ನು ವಯಸ್ಸಿನ ಸಹಜಧರ್ಮವೆಂದು ಸುಮ್ಮನಿರದೆ, ನೋವು ಎಲ್ಲಿ, ಎಂದಿನಿಂದ ಎಂದು ಕೇಳುವುದು ಕಿರಿಯರ ಕರ್ತವ್ಯ. ಚಿಕಿತ್ಸೆಯ ಮೊದಲ ಹೆಜ್ಜೆ ಆ ಪ್ರಶ್ನೆಯೇ.