ಜಪಾನೀ ಕಲಿಯುವವರು ಏನನ್ನು ಓದಬೇಕು?

ನಮ್ಮ ಪುಣೆಯಲ್ಲಿ ಜಪಾನೀ ಭಾಷೆ ಕಲಿಯುವ ತರುಣ ತರುಣಿಯರು ಬಹಳ. ವಾಚನಾಲಯಕ್ಕೆ ಬರುವವರಲ್ಲಿಯೂ ನಾಲ್ಕೈದು ಮಂದಿ ಇದ್ದಾರೆ. ಅವರಲ್ಲೊಬ್ಬಳು ಧಾರವಾಡದ ಕಡೆಯ ಹುಡುಗಿ. ಬರುವ ವರ್ಷ ನೌಕರಿಯ ಮೇಲೆ ನಾಗೋಯಾಕ್ಕೆ ಹೋಗತಕ್ಕವಳು. ಜಪಾನೀ ಪರೀಕ್ಷೆಯ ಐದು ಮೆಟ್ಟಿಲುಗಳಲ್ಲಿ ಕೆಳಗಿನಿಂದ ಎರಡನೆಯದನ್ನು ದಾಟಿದ ಉತ್ಸಾಹದಲ್ಲಿ ಒಂದು ಕಾದಂಬರಿಯನ್ನು ತರಿಸಿಕೊಂಡಳು. ಒಂದು ವಾರ ಕಳೆದರೂ ಮೂರು ಪುಟ ಮುಗಿಯಲಿಲ್ಲ. "ಕಾಕಾ, ಈ ಭಾಷಾ ನನ್ನ ಕಡೆಯಿಂದ ಆಗೂದಿಲ್ಲ" ಎಂದು ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟಳು. ನೋಡಿದರೆ ನಾತ್ಸುಮೆ ಸೊಸೆಕಿಯ ಬೆಕ್ಕಿನ ಕಥೆ! ಹದಿನೈದು ವರ್ಷಗಳ ಹಿಂದೆ ನಾನೂ ಅದೇ ಪುಸ್ತಕದ ಮುಂದೆ ಸೋತು, ಎರಡು ವರ್ಷ ಜಪಾನೀಯ ಗೊಡವೆಗೇ ಹೋಗಿರಲಿಲ್ಲ. ಆ ಕಾರಣದಿಂದಲೇ ಈ ನಾಲ್ಕು ಮಾತು.

೧೯೦೫ರಲ್ಲಿ ಪ್ರಕಟವಾಗತೊಡಗಿದ ಆ ಕಾದಂಬರಿಯಲ್ಲಿ ಕಥೆ ಹೇಳುವುದು ಒಂದು ಬೆಕ್ಕು. ಬೆಕ್ಕೆಂದ ಮೇಲೆ ಮಕ್ಕಳ ಕಥೆಯೇ ಇದ್ದೀತೆಂದು ನಾವು ಮೋಸಹೋಗುತ್ತೇವೆ. ಆದರೆ ಆ ಬೆಕ್ಕು ಮಾತಾಡುವುದು ದೊಡ್ಡ ಪಂಡಿತರ ಗತ್ತಿನಲ್ಲಿ. ಅದರ ಹಾಸ್ಯವಿರುವುದೇ ಅಲ್ಲಿ. ಪಾಂಡಿತ್ಯದ ಭಾಷೆ ತಿಳಿಯದವನಿಗೆ ಅದರ ಅಣಕ ತಿಳಿಯುವುದೆಂತು?

ಕನ್ನಡ ಕಲಿಯುವವನಿಗೆ ವರ್ಣಮಾಲೆ, ಕಾಗುಣಿತ, ಒತ್ತಕ್ಷರಗಳು ಬಂದರೆ ಅರ್ಥವಾಗದಿದ್ದರೂ ಯಾವ ಪುಸ್ತಕವನ್ನಾದರೂ ಬಾಯಿಬಿಟ್ಟು ಓದಬಹುದು. ಓದಿದ ಶಬ್ದವನ್ನು ನಿಘಂಟಿನಲ್ಲಿ ಹುಡುಕಬಹುದು. ಜಪಾನೀಯಲ್ಲಿ ಹಾಗಲ್ಲ. ಹಿರಗಾನಾ, ಕತಕಾನಾ ಎಂಬ ಎರಡು ಧ್ವನಿಲಿಪಿಗಳಿವೆ. ಒಂದೊಂದರಲ್ಲಿ ೪೬ ಮೂಲಾಕ್ಷರಗಳು. ಇವು ಒಂದು ತಿಂಗಳಲ್ಲಿ ಕೈಗೆ ಬರುತ್ತವೆ. ಇವುಗಳ ಜೊತೆಗೆ ಚೀನದಿಂದ ಬಂದ ಕಾಂಜಿ ಎಂಬ ಚಿಹ್ನೆಗಳು. ೨೦೧೦ರ ಸರ್ಕಾರಿ ಪಟ್ಟಿಯಲ್ಲಿ ನಿತ್ಯೋಪಯೋಗದ ಕಾಂಜಿಗಳು ೨,೧೩೬. ಜಪಾನಿನ ಮಗು ಮೊದಲನೆಯ ಇಯತ್ತೆಯಲ್ಲಿ ೮೦ನ್ನೂ ಆರು ವರ್ಷಗಳಲ್ಲಿ ಒಟ್ಟು ೧,೦೨೬ನ್ನೂ ಕಲಿಯುತ್ತದೆ. ಗೊತ್ತಿಲ್ಲದ ಕಾಂಜಿ ಎದುರಾದರೆ ಅದರ ಉಚ್ಚಾರವೇ ತಿಳಿಯದು. ಉಚ್ಚಾರ ತಿಳಿಯದೆ ನಿಘಂಟಿನಲ್ಲಿ ಯಾವ ಪುಟ ತೆರೆಯಬೇಕು? ಗೆರೆಗಳನ್ನು ಎಣಿಸಿ, ಚಿಹ್ನೆಯ ಅಂಗವನ್ನು ಗುರುತಿಸಿ ಹುಡುಕಬೇಕು. ಒಂದು ಪುಟಕ್ಕೆ ಹತ್ತು ಸಲ ಹೀಗೆ ಮಾಡಿದವನು ಹನ್ನೊಂದನೆಯ ಸಲ ಪುಸ್ತಕ ಮುಚ್ಚಿದರೆ ಆಶ್ಚರ್ಯವೇನು?

ಇದಕ್ಕೆ ಜಪಾನೀಯರೇ ಮಾಡಿಕೊಂಡ ಉಪಾಯ ಫುರಿಗಾನಾ. ಕಾಂಜಿಯ ಪಕ್ಕದಲ್ಲಿಯೋ ಮೇಲೆಯೋ ಅದರ ಉಚ್ಚಾರವನ್ನು ಸಣ್ಣ ಧ್ವನಿಲಿಪಿಯಲ್ಲಿ ಅಚ್ಚು ಮಾಡುತ್ತಾರೆ. ಪುಸ್ತಕವನ್ನು ಕೊಳ್ಳುವ ಮೊದಲು ಅದರಲ್ಲಿ ಫುರಿಗಾನಾ ಇದೆಯೇ ಎಂದು ನೋಡಿರಿ, ಮಿಕ್ಕದ್ದು ಆಮೇಲೆ.

ಹಾಗಾದರೆ ಕಾಂಜಿಯೇ ಇಲ್ಲದ ಎಳೆಯ ಮಕ್ಕಳ ಪುಸ್ತಕ ಎಲ್ಲಕ್ಕಿಂತ ಸುಲಭವಲ್ಲವೇ ಎಂದು ಯಾರೂ ಕೇಳಬಹುದು. ನಾನೂ ಹಾಗೆಯೇ ಎಣಿಸಿದ್ದೆ. ಜಪಾನೀ ಬರವಣಿಗೆಯಲ್ಲಿ ಶಬ್ದಗಳ ನಡುವೆ ತೆರಪಿಲ್ಲ. 'ಹಹ ವ ಹನ ಗ ಸುಕಿ', ಅಂದರೆ 'ತಾಯಿಗೆ ಹೂವೆಂದರೆ ಇಷ್ಟ' ಎಂಬ ಸಣ್ಣ ವಾಕ್ಯವನ್ನು ಹಿರಗಾನಾದಲ್ಲಿಯೇ ಬರೆದರೆ 'ಹ' ಎಂಬ ಅಕ್ಷರ ಸಾಲಾಗಿ ನಾಲ್ಕು ಸಲ ಬರುತ್ತದೆ; ಏಕೆಂದರೆ ಆ 'ವ' ಪ್ರತ್ಯಯವನ್ನೂ 'ಹ' ಎಂದೇ ಬರೆಯುವ ರೂಢಿ. ಎಲ್ಲಿ ತಾಯಿ ಮುಗಿದಳು, ಎಲ್ಲಿ ಹೂ ಮೊದಲಾಯಿತು? ತಾಯಿಗೊಂದು, ಹೂವಿಗೊಂದು ಕಾಂಜಿ ಬರೆದಾಗ ವಾಕ್ಯ ತಟ್ಟನೆ ಬಿಡಿಯಾಗುತ್ತದೆ. ಮಕ್ಕಳ ಚಿತ್ರಪುಸ್ತಕಗಳಲ್ಲಿ ತೆರಪು ಬಿಟ್ಟು ಅಚ್ಚು ಮಾಡುವುದುಂಟು, ನಿಜ. ಆದರೂ ಅಲ್ಲಿಯ ಶಬ್ದಗಳು ಪಠ್ಯಪುಸ್ತಕದವಲ್ಲ. ಪಠ್ಯಪುಸ್ತಕ 'ಸಭೆ', 'ಕಚೇರಿ' ಕಲಿಸುತ್ತದೆ. ಚಿತ್ರಪುಸ್ತಕದಲ್ಲಿ ಗೊದಮೊಟ್ಟೆಯೂ ಅಳಿಲೂ ಬರುತ್ತವೆ. ಮೇಲಾಗಿ ಅನುಕರಣ ಶಬ್ದಗಳ ಸುರಿಮಳೆ: ಉರುಳುವುದಕ್ಕೆ 'ಗೊರೊಗೊರೊ', ಮಿನುಗುವುದಕ್ಕೆ 'ಕಿರಕಿರ'. ಇಲ್ಲಿ ಮಾತ್ರ ನಾವು ಕನ್ನಡಿಗರು ಹೆದರಬೇಕಾಗಿಲ್ಲ. ಗುಡುಗುಡು, ಮಿಣಮಿಣ, ಥಳಥಳ ಎಂದು ಹುಟ್ಟಿನಿಂದ ಆಡಿದವರು. (ನಮ್ಮ ಕಿರಿಕಿರಿಗೂ ಅವರ ಕಿರಕಿರಕ್ಕೂ ಸಂಬಂಧವಿಲ್ಲವೆಂಬುದನ್ನು ಜ್ಞಾಪಕದಲ್ಲಿಟ್ಟರೆ ಸಾಕು.)

ಮೊದಲು ಹಿಡಿಯಬೇಕಾದವು ಕಲಿಯುವವರಿಗೆಂದೇ ಬರೆದ ಮೆಟ್ಟಿಲು ಮೆಟ್ಟಿಲಿನ ಕಿರುಪುಸ್ತಕಗಳು. ಜಪಾನಿನಲ್ಲಿ 'ತಾದೋಕು', ಅಂದರೆ ಬಹಳ ಓದುವುದು, ಎಂಬ ಪದ್ಧತಿಯವರು ಸೊನ್ನೆಯಿಂದ ಮೇಲಕ್ಕೆ ಅಂಕೆ ಹಾಕಿ ಇವನ್ನು ಸಿದ್ಧಪಡಿಸಿದ್ದಾರೆ; ಕೆಲವು ಅಂತರ್ಜಾಲದಲ್ಲಿ ಬಿಟ್ಟಿಯಾಗಿಯೂ ದೊರೆಯುತ್ತವೆ. ಅವರ ಕಟ್ಟಳೆ ವಿಚಿತ್ರವಾದುದು: ತೀರ ಸುಲಭದಿಂದ ಪ್ರಾರಂಭಿಸು, ನಿಘಂಟು ತೆರೆಯಬೇಡ, ತಿಳಿಯದುದನ್ನು ಹಾರಿಸು, ಬೇಸರವಾದರೆ ಆ ಪುಸ್ತಕ ಬಿಟ್ಟು ಬೇರೊಂದನ್ನು ಹಿಡಿ. ನಮ್ಮ ಮೇಷ್ಟರುಗಳು ಕೇಳಿದರೆ ಮೂರ್ಛೆ ಹೋಗುವ ಉಪದೇಶ! ನಿಘಂಟನ್ನು ಪೂರ್ತಿ ಬಿಡಬೇಕೆಂದು ನಾನು ಹೇಳಲಾರೆ. ದಿನಕ್ಕೆ ಒಂದು ಪುಟವನ್ನು ನಿಘಂಟಿಟ್ಟುಕೊಂಡು ಓದಲಿ. ಆದರೆ ಉಳಿದ ಹತ್ತು ಪುಟ ಓಡುವಂತಿರಬೇಕು. ಪುಟಕ್ಕೆ ಎರಡು ಮೂರಕ್ಕಿಂತ ಹೆಚ್ಚು ತಿಳಿಯದ ಶಬ್ದಗಳಿದ್ದರೆ ಅದು ಇನ್ನೂ ನಿಮ್ಮ ಪುಸ್ತಕವಲ್ಲ.

ವಾರ್ತೆ ಬೇಕೆನ್ನುವವರಿಗೆ ಎನ್.ಎಚ್.ಕೆ. ಸಂಸ್ಥೆ ೨೦೧೨ರಲ್ಲಿ ಆರಂಭಿಸಿದ ಸುಲಭ ಜಪಾನೀ ವಾರ್ತೆಗಳಿವೆ. ಚಿಕ್ಕವು, ಫುರಿಗಾನಾ ಉಳ್ಳವು. ಮಾಂಗಾ ಎಂಬ ಚಿತ್ರಕಥೆಗಳಲ್ಲಿ ಹುಡುಗರಿಗಾಗಿ ಬರೆದವಕ್ಕೆ ಸಾಮಾನ್ಯವಾಗಿ ಫುರಿಗಾನಾ ಇರುತ್ತದೆ. ೨೦೦೩ರಲ್ಲಿ ಮೊದಲಾದ 'ಯೊತ್ಸುಬಾತೊ' ಮನೆ-ಬೀದಿಯ ಮಾತಿನದು, ಓದಲು ಸೊಗಸು. ಆದರೆ ಅಲ್ಲಿಯ ಮಾತನ್ನು ಕಚೇರಿಯಲ್ಲಿ ಆಡಿದರೆ ಹಿರಿಯರನ್ನು ಏಕವಚನದಲ್ಲಿ ಕರೆದಂತಾದೀತು.

ನಿಜವಾದ ಸಾಹಿತ್ಯದ ಹಂಬಲವುಳ್ಳವರು ಅವೊಜೊರಾ ಬುಂಕೊ ಎಂಬ ಅಂತರ್ಜಾಲ ಭಂಡಾರವನ್ನು ನೋಡಬೇಕು. ೧೯೯೭ರಿಂದ ಸ್ವಯಂಸೇವಕರು ಹಕ್ಕು ತೀರಿದ ಕೃತಿಗಳನ್ನು ಅಕ್ಷರ ಅಕ್ಷರವಾಗಿ ಸೇರಿಸಿ ಬಿಟ್ಟಿ ಓದಲು ಇಟ್ಟಿದ್ದಾರೆ. ನಮ್ಮಂಥ ವಾಚನಾಲಯದವರಿಗೆ ಹೊಟ್ಟೆಕಿಚ್ಚು ತರುವ ಕೆಲಸ. ೨೦೧೮ರ ಕೊನೆಯಲ್ಲಿ ಜಪಾನು ಹಕ್ಕಿನ ಅವಧಿಯನ್ನು ಲೇಖಕನ ಮರಣಾನಂತರ ೫೦ ವರ್ಷಗಳಿಂದ ೭೦ಕ್ಕೆ ಏರಿಸಿತು. ಆದುದರಿಂದ ೧೯೬೭ರೊಳಗೆ ತೀರಿಕೊಂಡವರ ಕೃತಿಗಳ ಹಕ್ಕು ಮಾತ್ರ ಮುಗಿದಿದೆ. ೧೯೭೨ರಲ್ಲಿ ತೀರಿಕೊಂಡ ಕವಾಬಾತಾ ಇನ್ನೂ ಕಾಯಬೇಕು. ಒಂದೇ ಕಥೆ ಹಳೆಯ ಕಾಗುಣಿತದಲ್ಲಿಯೂ, ೧೯೪೬ರ ಸುಧಾರಣೆಯ ನಂತರದ ಹೊಸದರಲ್ಲಿಯೂ ಇರಬಹುದು. ಹೊಸದನ್ನೇ ಆರಿಸಿರಿ.

ಅಲ್ಲಿ ನೀಮಿ ನಾನ್ಕಿಚಿಯ 'ಗೊನ್' ಎಂಬ ನರಿಯ ಕಥೆ ಇದೆ. ಕಾಯಿಲೆಯ ತಾಯಿಗೆಂದು ಬಡವನೊಬ್ಬ ಹಿಡಿದ ಮೀನನ್ನು ಕದ್ದ ನರಿ ಪಶ್ಚಾತ್ತಾಪಪಟ್ಟು, ಗುಟ್ಟಾಗಿ ಅವನ ಮನೆಗೆ ಕಾಡಿನ ಹಣ್ಣು, ಅಣಬೆ ತಂದಿಡುತ್ತದೆ. ನಮ್ಮಲ್ಲಿ ಪುಣ್ಯಕೋಟಿಯನ್ನು ಅರಿಯದವರು ಹೇಗೆ ವಿರಳವೋ, ಅಲ್ಲಿ ನಾಲ್ಕನೆಯ ಇಯತ್ತೆಯ ಪಾಠವಾದ ಈ ಕಥೆ ಅರಿಯದವರೂ ಹಾಗೆಯೇ. ಅಕುತಾಗಾವಾ ೧೯೧೮ರಲ್ಲಿ ಬರೆದ 'ಜೇಡರ ನೂಲು' ಇನ್ನೂ ಚಿಕ್ಕದು. ಬುದ್ಧನು ನರಕದಲ್ಲಿರುವ ಕಳ್ಳನಿಗೆ ಒಂದು ಎಳೆ ನೂಲನ್ನು ಇಳಿಬಿಡುವ ಕಥೆ. ಬುದ್ಧನೂ ಕಮಲವೂ ನರಕವೂ ನಮಗೆ ಹೊಸವಲ್ಲವಾದುದರಿಂದ ಅರ್ಧ ದಾರಿ ಮೊದಲೇ ಸವೆದಿರುತ್ತದೆ.

ಹುಡುಗಿಗೆ ನನ್ನಲ್ಲಿದ್ದ ಕೆಳಮೆಟ್ಟಿಲಿನ ಆರು ಪುಸ್ತಿಕೆ ಕೊಟ್ಟೆ. ಒಂದೇ ಭಾನುವಾರ ನಾಲ್ಕನ್ನು ಮುಗಿಸಿ, ಈಗ ಗೊನ್ ನರಿಯ ಬಳಿ ಬಂದಿದ್ದಾಳೆ. ಪುಸ್ತಿಕೆಗಳು ಈ ತಿಂಗಳಿಂದ ಕಿಟಕಿಯ ಪಕ್ಕದ ಕಪಾಟಿನಲ್ಲಿರುತ್ತವೆ. ಬೇಕಾದವರು ದಾಖಲೆ ಪುಸ್ತಕದಲ್ಲಿ ಹೆಸರು ಬರೆದು ಒಯ್ಯಬಹುದು. ಸೊಸೆಕಿಯ ಬೆಕ್ಕನ್ನು ಮೇಲಿನ ಅರೆಯಲ್ಲಿ ಇರಿಸಿದ್ದೇನೆ.