ತಟ್ಟೆಯಲ್ಲಿ ಎರಡನೇ ರೊಟ್ಟಿ... ಎದೆಯಲ್ಲಿ ಡವಡವ!

ನಿಮ್ಮನ್ನು ಅತಿ ಹೆಚ್ಚು ಹೆದರಿಸಿದ ದೃಶ್ಯ ಯಾವುದು, ಚಿತ್ರರಸಿಕ ಮಿತ್ರರೇ? ನನ್ನದು ಬೆಳ್ಳಿತೆರೆಯ ಮೇಲಿನದಲ್ಲ. ಮಳಗಿಯ ನಮ್ಮ ಮನೆಯಲ್ಲಿ ಅವ್ವ ನನ್ನ ತಟ್ಟೆಗೆ ಹಾಕಿದ ಎರಡನೇ ರೊಟ್ಟಿ! ನಗಬೇಡಿ, ಕೈ ನಡುಗಿತ್ತು.

2019ರ ಮಾತು. ಹೀರೋ ಅಂಗಿ ಬಿಚ್ಚಿದರೆ ಮೊದಲ ಶಿಳ್ಳೆ ನನ್ನದೇ. ಅಂಥ ಮೈಕಟ್ಟು ಬೇಕೆಂದು ಅನ್ನ ಬಿಟ್ಟೆ, ರೊಟ್ಟಿ ಬಿಟ್ಟೆ, ಕೊನೆಗೆ ಊಟಕ್ಕೆ ಕೂರಿಸ್ತಾರೆ ಅಂತ ಮದುವೆಮನೆಗೆ ಹೋಗೋದನ್ನೇ ಬಿಟ್ಟೆ. ಬೆಳಗಾದರೆ ಧರ್ಮಾ ಜಲಾಶಯದ ಕಡೆ ಓಟ. "ಏನ್ ಬಾಡೀಲೇ!" ಅಂದ ಗೆಳೆಯರೇ ಒಂದು ದಿನ ನನ್ನನ್ನು ಎತ್ತಿಕೊಂಡು ಹುಬ್ಬಳ್ಳಿ ಬಸ್ಸು ಹತ್ತಿಸಿದರು. ಇದು ಹುಡುಗಿಯರ ಕಾಯಿಲೆ ಅಂತ ಯಾರೋ ಹೇಳಿದ್ದನ್ನು ನಂಬಿದ್ದೆ. ಶುದ್ಧ ಸುಳ್ಳು!

ಡಾಕ್ಟರು ಹೊಟ್ಟೆ ತುಂಬ ತಿನ್ನು ಅಂತಾರೆ ಅಂದುಕೊಂಡಿದ್ದೆ. ಅವರಂದದ್ದು, "ಒಮ್ಮೆಲೇ ಬೇಡಪಾ." ಬಹುದಿನ ಹಸಿದ ಮೈಗೆ ಏಕಾಏಕಿ ಊಟ ಸುರಿದರೆ ರಕ್ತದಲ್ಲಿನ ಫಾಸ್ಫೇಟು, ಪೊಟ್ಯಾಸಿಯಂ ಕುಸಿದು ಹೃದಯವೇ ತಾಳ ತಪ್ಪೀತಂತೆ. ಎರಡನೇ ಮಹಾಯುದ್ಧ ಮುಗಿದಾಗ ಸೆರೆಯಿಂದ ಹೊರಬಂದ ಎಷ್ಟೋ ಜನ ಊಟ ಸಿಕ್ಕ ಮೇಲೆ ಸತ್ತದ್ದುಂಟು! ಹಾಗಾಗಿ ರಕ್ತಪರೀಕ್ಷೆ, ಗಂಜಿ, ಬಾಳೆಹಣ್ಣು, ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ. ಕೆಲವು ದಿನಕ್ಕೊಮ್ಮೆ ಒಂದು ಮೆಟ್ಟಿಲು ಮೇಲೆ.

ಆ ಮೆಟ್ಟಿಲು ಹತ್ತೋದೇ ಫೈಟಿಂಗ್ ಸೀನು. ನಾಲ್ಕು ತುತ್ತಿಗೆ ಹೊಟ್ಟೆ ಡೋಲು. ಕಾಲಿನ ಗಿಣ್ಣು ಊದಿತು, ರಾತ್ರಿ ಬೆವರಿಗೆ ಹಾಸಿಗೆ ತೊಯ್ದಿತು. ಕೊಬ್ಬು ಬಂತು ಅಂತ ಅತ್ತೇ ಬಿಟ್ಟೆ. ಕೊಬ್ಬಲ್ಲವೋ, ನೀರು, ಜಡವಾದ ಜಠರಕ್ಕೆ ಮತ್ತೆ ಕೆಲಸ ಕಲಿಯಲು ವಾರಗಳು ಬೇಕು ಅಂತ ಡಾಕ್ಟರು. ನಾವೊಂದು ಉಪಾಯ ಮಾಡಿದೆವು. ಎಷ್ಟು ಬಡಿಸಬೇಕು ಅನ್ನೋದು ಅವ್ವನ ಕೆಲಸ, ತಿನ್ನೋದಷ್ಟೇ ನನ್ನದು. ತೂಕದ ಯಂತ್ರ ಮನೆಯಿಂದ ಹೊರಗೆ. ಉಣ್ಣುವಾಗ ಹಳೇ ಚಿತ್ರಗೀತೆ, ಉಂಡ ಮೇಲೆ ಅರ್ಧ ಗಂಟೆ ಗೆಳೆಯನ ಜೊತೆ ಕಟ್ಟೆ ಮೇಲೆ ಸಿನಿಮಾ ಹರಟೆ. ಆ ಅರ್ಧ ಗಂಟೆಯೇ ಅತ್ಯಂತ ಕಷ್ಟದ್ದು.

ಮೂರನೇ ತಿಂಗಳು ಬೇರೆಯೇ ಕಥೆ! ರಕ್ತಪರೀಕ್ಷೆ ಸರಿ ಇತ್ತು. ಆದರೆ ಹಸಿವು ಕಟ್ಟೆಯೊಡೆಯಿತು. ನಡುರಾತ್ರಿ ಅವಲಕ್ಕಿ-ಬೆಲ್ಲದ ಡಬ್ಬಿ ಖಾಲಿ. ಉಂಡು ಎದ್ದರೂ ಹಸಿವು. ಹೊಟ್ಟೆಬಾಕನಾದೆನೇ? ನಾಚಿಕೆಯಿಂದ ಮರುದಿನ ಉಪವಾಸ ಮಾಡಲು ಹೊರಟೆ. ಡಾಕ್ಟರು ತಡೆದು ಅಮೆರಿಕದ ಕಥೆ ಹೇಳಿದರು. 1944-45ರಲ್ಲಿ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರನ್ನು ಅವರ ಒಪ್ಪಿಗೆ ಮೇಲೆ ಆರು ತಿಂಗಳು ಅರೆಹೊಟ್ಟೆಯಲ್ಲಿ ಇಟ್ಟ. ಅವರು ಅಡುಗೆ ಪುಸ್ತಕ ಓದುತ್ತಾ ಊಟದ್ದೇ ಕನಸು ಕಂಡರು. ಮತ್ತೆ ಊಟ ಕೊಟ್ಟಾಗ ಹೊಟ್ಟೆ ಬಿರಿದರೂ ಹಸಿವು ನಿಲ್ಲದವರು ಹಲವರು. ಸರಿಹೋಗಲು ತಿಂಗಳುಗಟ್ಟಲೆ ದಿನಕ್ಕೆ ಸುಮಾರು 4000 ಕ್ಯಾಲೊರಿ ಬೇಕೆಂದು ಕೀಸ್ ಕಂಡುಕೊಂಡ. ಅವರಾರೂ ಹೊಟ್ಟೆಬಾಕರಲ್ಲ. ಮೈ ಹಳೇ ಸಾಲ ವಸೂಲಿ ಮಾಡುತ್ತಿತ್ತು, ಅಷ್ಟೆ!

ಹಾಲಿವುಡ್ಡಿನ ಕ್ರಿಶ್ಚಿಯನ್ ಬೇಲ್ 2004ರ 'ದಿ ಮೆಷಿನಿಸ್ಟ್'ನಲ್ಲಿ ಎಲುಬಿನ ಗೂಡು, 2005ರ 'ಬ್ಯಾಟ್‌ಮನ್ ಬಿಗಿನ್ಸ್'ನಲ್ಲಿ ಕಟ್ಟುಮಸ್ತು. ನಾವು ಎರಡೂ ಚಿತ್ರ ನೋಡಿ ಚಪ್ಪಾಳೆ ತಟ್ಟುತ್ತೇವೆ. ನಡುವಿನ ತಿಂಗಳುಗಳನ್ನು ಯಾವ ಟಾಕೀಸೂ ತೋರಿಸಿಲ್ಲ.

ನಿಮ್ಮ ಪೈಕಿ ಯಾರಾದರೂ ಹೀಗೇ ಒಳಗೊಳಗೇ ಒದ್ದಾಡ್ತಿದ್ದರೆ, ಒಬ್ಬರೇ ಊಟ ಏರಿಸಲು ಹೋಗಬೇಡಿ, ಡಾಕ್ಟರ ಹತ್ತಿರ ಹೋಗಿ. ನಮ್ಮ ಕಡೆಯವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಕಾಸಿಲ್ಲ.

ನನಗೆ ಇವತ್ತೂ ಕೆಲವು ದಿನ ಎದೆ ಡವಡವ. ಮೊನ್ನೆ ಶಿರಸಿಗೆ ಸಿನಿಮಾಕ್ಕೆ ಹೊರಟಾಗ ಗೆಳೆಯ ಗಿರಮಿಟ್ಟು ಕೊಡಿಸಿ, ಇನ್ನೊಂದು ಪ್ಲೇಟು ಬೇಕೇನಲೇ ಅಂದ. ಒಂದು ನಿಮಿಷ ಸುಮ್ಮನಿದ್ದೆ.

"ಹೇಳು," ಅಂದೆ. "ಮಿರ್ಚಿನೂ ಇರಲಿ."