ಗೊರಕೆಯ ಮನೆ ಪತ್ತೆಯಾಯ್ತು!

ಇಷ್ಟು ದಿನ ಮೂಗನ್ನೇ ದೂರುತ್ತಿದ್ದೆವಲ್ಲ! ಗೊರಕೆ ಹೆಚ್ಚಾಗಿ ಹುಟ್ಟುವುದು ಅಂಗುಳಿನಿಂದ ಧ್ವನಿಪೆಟ್ಟಿಗೆಯವರೆಗಿನ ಬೆರಳುದ್ದದ ಹಾದಿಯಲ್ಲಿ. ಮೇಲೆ ಮೂಗಿಗೆ ಮೂಳೆಯ ಚೌಕಟ್ಟಿದೆ, ಕೆಳಗೆ ಶ್ವಾಸನಾಳಕ್ಕೆ ಮೃದ್ವಸ್ಥಿಯ ಉಂಗುರಗಳಿವೆ. ನಡುವಿನ ಈ ಹಾದಿಯನ್ನು ತೆರೆದಿಡುವುದು ಬರೀ ಸ್ನಾಯು! ನಿದ್ದೆ ಬಂತೋ, ಸ್ನಾಯು ಸಡಿಲ. ಹಾದಿ ಕಿರಿದಾದಷ್ಟೂ ಗಾಳಿಗೆ ವೇಗ. ವೇಗ ಏರಿದಷ್ಟೂ ಒತ್ತಡ ಇಳಿದು ಗೋಡೆಗಳು ಒಳಕ್ಕೆ ವಾಲುತ್ತವೆ. ಮೆದು ಅಂಗುಳು ಬಿರುಗಾಳಿಗೆ ಸಿಕ್ಕ ಬಾವುಟದಂತೆ ಪಟಪಟ ಬಡಿಯತೊಡಗುತ್ತದೆ. ಅದೇ ಗೊರಕೆ!

ರಾತ್ರಿ ರೈಲಿನ ಸ್ಲೀಪರ್ ಬೋಗಿಯಲ್ಲಿ ಎಲ್ಲರಿಗೂ ಕೇಳಿಸುವ ಗೊರಕೆ ಹೊಡೆಯುವವರಿಗೆ ಮಾತ್ರ ಕೇಳಿಸದು! ಅದಕ್ಕೇ ಇಎನ್‌ಟಿ ವೈದ್ಯರಿಗೆ ಪಕ್ಕದಲ್ಲಿ ಮಲಗುವವರ ಸಾಕ್ಷಿಯೇ ಮುಖ್ಯ: ನಡುವೆ ಉಸಿರು ನಿಲ್ಲುತ್ತದೆಯೇ?

ಆಮೇಲೆ ಟೇಪು ಹಿಡಿದು ಕುತ್ತಿಗೆ ಅಳೆಯುತ್ತಾರೆ, 40 ಸೆಂ.ಮೀ. ದಾಟಿದರೆ ಎಚ್ಚರಿಕೆಯ ಗಂಟೆ. ಹಗಲಿನ ತೂಕಡಿಕೆಗೂ ಅಂಕವಿದೆ! ಮೆಲ್ಬರ್ನ್‌ನಲ್ಲಿ 1991ರಲ್ಲಿ ರೂಪುಗೊಂಡ ಎಪ್‌ವರ್ತ್ ಪಟ್ಟಿಯಲ್ಲಿ ಎಂಟು ಪ್ರಶ್ನೆ, 24 ಅಂಕ; ಹತ್ತು ಮೀರಿದರೆ ತೂಕಡಿಕೆ ಅತಿಯಾಯಿತೆಂದೇ ಲೆಕ್ಕ. ಅನುಮಾನವಿದ್ದರೆ ಒಂದು ರಾತ್ರಿ ಮೈಗೆ ತಂತಿಗಳನ್ನು ಅಂಟಿಸಿಕೊಂಡು ನಿದ್ದೆ ಪರೀಕ್ಷೆ. ಹತ್ತು ಸೆಕೆಂಡಿಗೂ ಹೆಚ್ಚು ಉಸಿರು ನಿಲ್ಲುವುದು ಅಥವಾ ತೀರಾ ಕುಗ್ಗುವುದು ಗಂಟೆಗೆ ಐದಕ್ಕಿಂತ ಕಡಿಮೆಯಿದ್ದು, ಹಗಲು ತೂಕಡಿಕೆಯೂ ಇಲ್ಲದಿದ್ದರೆ ಅದು ಬರೀ ಗೊರಕೆ.

ಇನ್ನೂ ಸೋಜಿಗವೆಂದರೆ, ಶಸ್ತ್ರಚಿಕಿತ್ಸೆಯ ಯೋಚನೆಯಿದ್ದಾಗ ಮದ್ದು ಕೊಟ್ಟು ನಿದ್ದೆ ಬರಿಸಿ, ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸುತ್ತಾರೆ. ಅಂಗುಳೋ, ನಾಲಗೆಯ ಬುಡವೋ, ಅದುರುವ ಜಾಗ ಪರದೆಯ ಮೇಲೆ ಸಾಕ್ಷಾತ್ ಕಾಣುತ್ತದೆ!

ಮದ್ದು ಮಾತ್ರ ಸರಳ. ತೂಕ ಇಳಿಸಿ, ಮಗ್ಗುಲಾಗಿ ಮಲಗಿ, ಕಟ್ಟಿದ ಮೂಗಿಗೆ ಚಿಕಿತ್ಸೆ ಮಾಡಿಸಿ. ಗಂಟಲ ಸ್ನಾಯುವನ್ನು ಇನ್ನಷ್ಟು ಸಡಿಲಿಸುವ ಮದ್ಯ ಬಿಡಿ. ರಾಜ್ಯ ಹುಟ್ಟಿದ 1960ರಿಂದಲೂ ಪಾನನಿಷೇಧವಿರುವ ಗುಜರಾತಿನಲ್ಲಿ ವೈದ್ಯರ ಈ ಸಲಹೆಗೆ ಕಾನೂನಿನ ಬೆಂಬಲವೂ ಉಂಟು! ಸಾಲದಿದ್ದರೆ ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ಅಚ್ಚನ್ನು ದಂತವೈದ್ಯರು ಮಾಡಿಕೊಡುತ್ತಾರೆ. ಕತ್ತರಿ ಕೊನೆಗೆ, ಅದರ ಫಲ ಕೆಲವರಲ್ಲಿ ವರ್ಷಗಳು ಕಳೆದಂತೆ ಮಾಸುವುದೂ ಇದೆ.

ಸ್ವಿಟ್ಜರ್ಲೆಂಡಿನ ಸಂಶೋಧಕರಂತೂ 25 ಮಂದಿಯನ್ನು ಆಯ್ದು, ಅರ್ಧಕ್ಕಿಂತ ತುಸು ಹೆಚ್ಚು ಜನರಿಗೆ ನಾಲ್ಕು ತಿಂಗಳು ಆಸ್ಟ್ರೇಲಿಯಾದ ಆದಿವಾಸಿಗಳ ಉದ್ದನೆಯ ಊದುವಾದ್ಯ ಡಿಜೆರಿಡೂ ಕಲಿಸಿದರು. 2006ರಲ್ಲಿ ಫಲಿತಾಂಶ ಬಂತು: ಊದಿದವರ ತೂಕಡಿಕೆ ಇಳಿದಿತ್ತು, ಪಕ್ಕದವರ ನಿದ್ದೆ ಕೆಡುವುದೂ ಕಡಿಮೆಯಾಗಿತ್ತು! ಗಂಟಲಿಗೂ ಕಸರತ್ತು ಬೇಕು ನೋಡಿ. ಆದರೆ ಉಸಿರು ನಿಂತು, ಏದುಸಿರಿನಲ್ಲಿ ಎಚ್ಚರಗೊಳ್ಳುವವರು ವಾದ್ಯ ಹುಡುಕುತ್ತ ಕೂರದೆ ನೇರ ನಿದ್ದೆ ಪರೀಕ್ಷೆಗೆ ಹೋಗಲಿ.